ನಾ ಮುಚ್ಚಿಟ್ಟ ಡಬ್ಬಿ ಯಾರಿಗೂ ಸಿಗಂಗಿಲ್ಲ

ಈಗ ಹೇಳೂದರಾಗ ಒಂದ ಮಾತ ಸುಳ್ಳಿದ್ರ ಈ ಮೀಸಿ ಬೋಳಿಸಿ ನಿಮ್ಮ ಕೈಯಾಗ ಕೊಡ್ತೀನಿ. ಎಲ್ಲಾ ಖರೇನ ನಡದದ್ದು. ನಾ ಮುಂದ ನಿಂತು ಮಾಡಿದ ಕೆಲಸದಾಗ ಏನರ ಒಂದು ಆಗದ ಬಿಟ್ಟದ್ದಿಲ್ಲ. ಈ ಸಲ ಮಾತ್ರ ಮನಿಯಾಕಿ ಬಂಗಾರನ ಹೋಗೂದಿತ್ತು. ಉಳೀತು. ಅದಕ್ಕ ಈಗ ನಕ್ಕೊಂತ ಹೇಳಾಕ್ಹತ್ತೀನಿ.

೧. ನಾ ಇರೂದು ಯಾತಕ್ಕ?

ನಮ್ಮದು ಲಕ್ಕಲಕಟ್ಟಿ. ಗಜೇಂದ್ರಗಡದ ಕ್ವಾಟಿ ನೋಡಾಕ ಬಂದ ಮಂದಿ ನಮ್ಮ ಕಡೆ ಮಾರಿ ಸೈತ ಹೊಳ್ಳಸಂಗಿಲ್ಲ. ಅದಕ್ಕ ನಮ್ಮ ಸಾಲಿ ಮಾಸ್ತರ ಒಂದ ಆಟ ತಂದ್ರು. ಗುಡ್ಡದಾಗ ಒಂದ ಡಬ್ಬಿ ಮುಚ್ಚಿಡೂದು, ಜಾಗಾ ಮೊಬೈಲದಾಗ ಹಾಕೂದು. ಪ್ಯಾಟಿ ಮಂದಿ ಮೊಬೈಲ ನೋಡ್ಕೊಂತ ಹುಡುಕಾಕ ಬರ್ತಾರ. ಸಿಕ್ರ ಒಳಗಿನ ವಹಿಯಾಗ ಹೆಸರ ಬರೀತಾರ, ಒಂದ ಸಣ್ಣ ಸಾಮಾನ ತಗೊಂಡು ತಮ್ಮದೊಂದ ಇಟ್ಟು, ಡಬ್ಬಿ ಅಲ್ಲೇ ಬಿಟ್ಟು ಹೋಗ್ತಾರ. ಹೋಗೂ ಮುಂದ ನಮ್ಮೂರಾಗ ಚಾ ಕುಡೀತಾರ, ಮಿರ್ಚಿ ತಿಂತಾರ.

"ಮುಚ್ಚಿಡಾವ್ರು ಯಾರು?" ಅಂದ್ರು ಮಾಸ್ತರ.

"ನಾ ಇರೂದು ಯಾತಕ್ಕ?" ಅಂದೆ. "ನಾ ಮುಚ್ಚಿಟ್ಟದ್ದು ಪೊಲೀಸರ ನಾಯಿಗೂ ಸಿಗಂಗಿಲ್ಲ."

ಚಾದಂಗಡಿ ಚಾಚಾ, ನನ್ನ ವಾರಿಗಿ ಮನಷಾ, ಕೇಳ್ಕೊಂತ ನಿಂತಿದ್ದ. "ಚಾಚಾ, ಯಾರಿಗರ ಡಬ್ಬಿ ಸಿಕ್ರ ಅವರ ಚಾ ನನ್ನ ಹೆಸರ್ಲೆ ಬರ್ಕೋ!" ಅಂದೆ.

ಅಡಗಿಮನಿ ನಾಗೊಂದಿ ಮ್ಯಾಲ ಒಂದ ಸ್ಟೀಲ ಡಬ್ಬಿ ಇತ್ತು, ಮುಚ್ಚಳ ಬಿಗಿ. ತಗದ್ರ ಒಳಗ ಅರಿಷಿಣ ಕುಂಕುಮ ಹಚ್ಚಿದ ಅರಿವಿ ಗಂಟ. ಹಿಚಕಿ ನೋಡಿದೆ, ದುಂಡನ್ನ ಅವರಿ ಬೀಜ ಇದ್ದಂಗಿತ್ತು. ಮನಿಯಾಕಿ ಬೀಜದ ಗಂಟಿಗೂ ಕುಂಕುಮ ಹಚ್ಚಾಕಿನ. ವಹಿ, ಒಂದ ಬಾಚಣಿಕಿ, ಒಂದ ಬುಗುರಿ ಹಾಕಿ, ಪ್ಯಾಟಿ ಮಂದಿ ಕುಂಡ್ಯಾಗ ಬೆಳಕೊಳ್ಳಲಿ ಅಂತ ಅದನ್ನೂ ಒಳಗ ಬಿಟ್ಟೆ. ಕೊಡೂದರಾಗ ನನ್ನ ಕೈ ಭಾಳ ದೊಡ್ಡದು.

೨. ಉತಾರ ಹಿಡಕೊಂಡ ಬಂದಾವ್ರು

ಮೊದಲ ಬಂದಾವ್ರು ಮೂರ ಮಂದಿ. ತಲಿಮ್ಯಾಲ ಟೊಪ್ಪಿಗಿ, ಮುಂದ ಮೊಬೈಲ, ಹತ್ತ ಹೆಜ್ಜಿ ಆಕಡೆ, ಹತ್ತ ಹೆಜ್ಜಿ ಈಕಡೆ. ನಮ್ಮ ಕಡೆ ಹಿಂಗ ಅಳಕೊಂತ ತಿರಗ್ಯಾಡಾವ್ರು ಕರೆಂಟ ತಗಿಯೂ ಗಾಳಿ ಫ್ಯಾನ ಹಚ್ಚಾವ್ರು ಅಷ್ಟ. ಫ್ಯಾನಿಗೆ ಜಾಗಾ ಕೊಟ್ರ ರೊಕ್ಕ. ಅರ್ಧಾ ತಾಸಿನ್ಯಾಗ ಊರಿಗೆ ಊರ ಹೊಲದ ಪಹಣಿ ಉತಾರ ಹಿಡಕೊಂಡು ಗುಡ್ಡಾ ಏರಿತು.

"ಸರ, ನಮ್ಮ ಹೊಲದಾಗ ಗಾಳಿ ಹ್ಯಾಂಗಂದ್ರ ತಲಿಮ್ಯಾಲ ಪಟಗಾ ನಿಲ್ಲಂಗಿಲ್ಲ!"

"ಅವನ ಮಾತ ಕೇಳಬ್ಯಾಡ್ರಿ. ಅವನ ಹೊಲದಾಗ ಎಲಿ ಸೈತ ಅಳ್ಳಾಡಂಗಿಲ್ಲ!"

"ನಾವು ಡಬ್ಬಿ ಹುಡುಕೋಕೆ ಬಂದಿದೀವಿ" ಅಂದ್ರು ಪಾಪ.

"ಹುಡುಕ್ರಿ! ಮೊದಲ ನಮ್ಮ ಹೊಲದಾಗ ಹುಡುಕ್ರಿ!"

ಇದು ಬರೇ ಆಟ ಅಂತ ಅಲ್ಲಿ ಗೊತ್ತಿದ್ದಾಂವ ನಾ ಒಬ್ಬನ. ಆದ್ರೂ ಏನ ಹೇಳಾಕ ಬರತೈತ್ರಿ? ಎಲ್ಲಾರಕಿಂತ ಮುಂದ ಉತಾರ ಹಿಡಕೊಂಡ ನಿಂತಾಂವನೂ ನಾನ.

೩. ಬೀಜಲ್ಲ

ನಾಲ್ಕ ತಿಂಗಳ ಆತು. ದಿನಾ ಮುಂಜಾನಿ ಚಾದಂಗಡ್ಯಾಗ ಕುಂತು, "ಇನ್ನೂ ಯಾರಿಗೂ ಸಿಕ್ಕಿಲ್ಲ ನೋಡು ಚಾಚಾ" ಅಂತಿದ್ದೆ. ಚಾಚಾ ನಕ್ಕೊಂತ, "ಹೌದ್ರಿ ಅಣ್ಣಾರ" ಅಂತಿದ್ದ.

ಒಂದಿನ ಮನಿಯಾಕಿ ಕೇಳಿದ್ಲು, "ನಾಗೊಂದಿ ಮ್ಯಾಲಿನ ಡಬ್ಬಿ ಎಲ್ಲೈತ್ರಿ?"

"ಬೀಜದ್ದ?"

"ಬೀಜಲ್ರಿ! ನಮ್ಮವ್ವ ಕೊಟ್ಟ ಬೋರಮಾಳ ಸರದ ಬಂಗಾರದ ಗುಂಡು, ಏಳು. ದಾರ ಹರದಿತ್ತಂತ ಕಟ್ಟಿಟ್ಟಿದ್ದೆ. ಪತ್ತಾರನ ಕಡೆ ಒಯ್ದು ಪೋಣಿಸಬೇಕು."

"ಗುಡ್ಡದಾಗ ಭದ್ರ ಐತಿ" ಅಂದು ಓಡಿದೆ.

ಮಳಿಗೆ ಹುಲ್ಲ ಮಂಡಿ ಮಟಾ ಬೆಳದಿತ್ತು, ಎಲ್ಲಾ ಕಲ್ಲೂ ಒಂದ ನಮೂನಿ. ಎತ್ತಿ ಎತ್ತಿ ಸೊಂಟ ಹೋತು. ಒಂದ ಚೇಳ ಸಿಕ್ತು, ಹಾವಿನ ಪೊರಿ ಸಿಕ್ತು, ಡಬ್ಬಿ ಸಿಗಲಿಲ್ಲ. ಮಾಸ್ತರಗ ಕೇಳಿದ್ರ ಮೊಬೈಲ ನೋಡಿ ಹೇಳತಿದ್ರು. ಆದ್ರ ನನ್ನ ಮಾನ? ನಾ ಮುಚ್ಚಿಟ್ಟದ್ದು ಯಾರಿಗೂ ಸಿಗಂಗಿಲ್ಲ ಅಂತ ಊರತುಂಬ ಹೇಳಿದ್ದೆ. ನನಗೂ ಸಿಗಲಿಲ್ಲ.

೪. ಮುಳ್ಳಿನ ಟೊಂಗಿ

ಹಿಂದಿಂದನ ಮನಿಯಾಕಿ ಬಂದ್ಲು. ಒಂದ ಸಲ ಸುತ್ತಮುತ್ತ ನೋಡಿದ್ಲು. ಸೆರಗ ಸಿಗಿಸಿಕೊಂಡು ಸೀದಾ ಎಡಗಡೆ ಕವಳಿ ಕಂಟಿ ಬುಡಕ್ಕ ಹೋಗಿ, ಚಪ್ಪಟಿ ಕಲ್ಲಿನ ಮ್ಯಾಲಿನ ಮುಳ್ಳಿನ ಟೊಂಗಿ ಸರಿಸಿ, ಕಲ್ಲ ಎತ್ತಿದ್ಲು. ಡಬ್ಬಿ!

"ನಿನಗ ಹ್ಯಾಂಗ ಗೊತ್ತಾತು?"

"ನಲವತ್ತ ವರ್ಷ ನೀವು ಮುಚ್ಚಿಟ್ಟ ಬೀಡಿ ಕಟ್ಟ ಹುಡಿಕೇನ್ರಿ. ಎಡಗಡೆ ಕಂಟಿ, ಚಪ್ಪಟಿ ಕಲ್ಲು, ಮ್ಯಾಲೊಂದ ಮುಳ್ಳ. ಬ್ಯಾರೆ ನಮೂನಿ ಮುಚ್ಚಿಡಾಕ ನಿಮಗ ಬರೂದಿಲ್ಲ."

ಗಂಟ ಬಿಚ್ಚಿ ಎರಡ ಸಲ ಎಣಿಸಿದ್ಲು. ಏಳೂ ಇದ್ವು. ನಾ ಅಲ್ಲೇ ಹುಲ್ಲಾಗ ಕುಂತ ಬಿಟ್ಟೆ. ಹೋದ ಜೀವ ಹೊಳ್ಳಿ ಬಂತು.

ಆದ್ರ ಡಬ್ಬಿಯಾಗ ನಾ ಇಟ್ಟ ಬಾಚಣಿಕಿ ಇಲ್ಲ, ಬುಗುರಿ ಇಲ್ಲ. ಯಾರ್ಯಾರದೋ ಕೀಲಿ ಗೊಂಚಲ, ಪೆನ್ನ ಬಂದಾವ. ಗಂಟೊಂದು ಹ್ಯಾಂಗ ಉಳೀತು? ನಾ ಸಾಲಿ ಎರಡನೇತ್ತೆ ಮಟಾ ಕಲ್ತಾಂವ, ವಹಿ ಓದಾಕ ಬರಲಿಲ್ಲ. ಇಬ್ಬರೂ ಗುಡ್ಡಾ ಇಳದು ಬಂದ್ರ ಚಾದಂಗಡ್ಯಾಗ ಮಾಸ್ತರ ಕುಂತಿದ್ರು, ವಹಿ ಅವರ ಕೈಯಾಗ ಕೊಟ್ಟೆ.

ಮಾಸ್ತರ ಓದಿದ್ರು: "ಒಳಗೆ ಅರಿಶಿನ ಕುಂಕುಮದ ಗಂಟು ಇದೆ. ಯಾರೋ ಮಾಟ ಮಾಡಿಸಿಟ್ಟಿರಬೇಕು. ನಾವು ಮುಟ್ಟಿಲ್ಲ." ಅದರ ಕೆಳಗ, "ನಾವೂ ಮುಟ್ಟಿಲ್ಲ." ಅದರ ಕೆಳಗ, "ನಾನಂತೂ ಮುಟ್ಟಿಲ್ಲ, ದೂರದಿಂದ ಕೈ ಮುಗಿದೆ." ಹಿಂಗ ಮೂವತ್ತೊಂದ ಹೆಸರು.

"ಮೂವತ್ತೊಂದ? ಚಾಚಾ, ಒಂದ ಮಾತ ಹೇಳಬಾರದೇನ?"

ಚಾಚಾ ಗಲ್ಲಾದ ಬುಡಕಿಂದ ತನ್ನ ಉದ್ರಿ ವಹಿ ತಗದ. "ದಿನಾ ಅಷ್ಟ ಖುಷಿಲೆ ಹೇಳತಿದ್ರಿ ಅಣ್ಣಾರ. ಮನಸ ಯಾಕ ನೋಯಿಸೂದಂತ ಸುಮ್ಮನ ಬರಕೊಂತ ಹೋದೆ."

ಮನಿಯಾಕಿ ಗಂಟ ಸೊಂಟಕ್ಕ ಸಿಗಿಸಿ ಬಾಕಿನ ಮ್ಯಾಲ ಆರಾಮ ಕುಂತ್ಲು. "ಚಾಚಾ, ಡಬ್ಬಿ ನನಗೂ ಸಿಕ್ಕೈತ್ರಿ. ನಂದೂ ಒಂದ ಚಾ ಬರಕೋರಿ. ಸಕ್ರಿ ಜಾಸ್ತಿ ಇರಲಿ."

ಚಾಕ್ಕ ಹತ್ತರಂಗ ಮೂವತ್ತೆರಡ ಚಾ. ಹೋತು ನನ್ನ ಕಿಸೆದಾಗಿಂದು ಮುನ್ನೂರಾ ಇಪ್ಪತ್ತ ರೂಪಾಯಿ.