ಚಂಡಮಾರುತ ಯಾವ ಬಸ್ಸಿಗೆ ಬರುತ್ತಾನೆ?

ಸಮುದ್ರವೇ ಇಲ್ಲದ ಊರಿನಲ್ಲಿ ಚಂಡಮಾರುತಕ್ಕೆ ಸಿದ್ಧತೆ ಮಾಡಿಸಲು ಹೊರಟರೆ ಇಂಥವು ಆಗದೆ ಇರುತ್ತವೆಯೇ? ನಾನು ಹಿಂದೆ ಏನೂ ಬರೆದವನಲ್ಲ. ಆದ್ದರಿಂದ ಮೊದಲೇ ಒಂದಿಷ್ಟು ವಿವರ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಡವರಿಸಬಾರದು.

ಎಂಬತ್ತರ ದಶಕದಲ್ಲಿ ನಾನು ಕೆ.ಜಿ.ಎಫ್.ನ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಸಮುದ್ರ ನಮಗೆ ದೂರ, ನಿಜ. ಆದರೆ ಮದ್ರಾಸಿನ ಕಡೆ ಚಂಡಮಾರುತ ಎದ್ದರೆ ಅದರ ಮಳೆ ನಮ್ಮಲ್ಲಿಗೂ ಬರುತ್ತದೆ. ಕೆರೆಗಳು ಕೋಡಿ ಹರಿಯುತ್ತವೆ, ಹಳ್ಳಿಯ ಬಸ್ಸು ನಿಲ್ಲುತ್ತದೆ. ಕ್ಯಾಸಂಬಳ್ಳಿ ಕಡೆಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ವರ್ಷ ಹಾಗೆ ಸಿಕ್ಕಿಹಾಕಿಕೊಂಡಳು. ಅವಳು ಗೆಳತಿಯ ಮನೆಯಲ್ಲಿ ಕೂತಿದ್ದಾಗ ಅವಳಪ್ಪ ನಮ್ಮೂರಿನ ರಾಬರ್ಟ್‌ಸನ್‌ಪೇಟೆಯ ಬೀದಿಬೀದಿ ಹುಡುಕಿದ್ದರು. ಸಿಕ್ಕಿದ ಮೇಲೆ, "ಇನ್ನೊಂದ್ಸಲ ಇಂಗಾದ್ರೆ ಕಾಲೇಜು ಬಂದ್" ಎಂದು ಹೇಳಿ ಕರೆದುಕೊಂಡು ಹೋದರು. ಚರಿತ್ರೆಯಲ್ಲಿ ಇಡೀ ತರಗತಿಗೆ ಮೊದಲು ಬರುತ್ತಿದ್ದವಳು ಅವಳು.

ಇದನ್ನು ಕೇಳಿದ ಪ್ರಿನ್ಸಿಪಾಲರು, ಮಕ್ಕಳಿಗೂ ಮನೆಯವರಿಗೂ ತಿಳಿವಳಿಕೆ ಕೊಡುವ ಕೆಲಸವನ್ನು ನನಗೆ ವಹಿಸಿದರು. ಚರಿತ್ರೆಯವನಿಗೆ ಯಾಕೆ ಎಂದು ನೀವು ಕೇಳಬಹುದು. ಭೂಗೋಳದವರು ರಜೆಯಲ್ಲಿದ್ದರು.

೧. ಕುಸಿತ

ಮೊದಲ ಸಭೆ ಗಣಿ ಕಾರ್ಮಿಕರ ಮನೆಸಾಲಿನಲ್ಲಿ. ವಾರ್ತೆ ಕೇಳುವುದು ಹೇಗೆಂದು ತೋರಿಸಲು ರೇಡಿಯೋ ಹಾಕಿದೆ. ನನ್ನ ಅದೃಷ್ಟಕ್ಕೆ ಅಂದೇ, "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ಬಂತು.

ಮುಂದೆ ಕೂತಿದ್ದ ಒಬ್ಬ ತಾಯಿ ದಡಕ್ಕನೆ ಎದ್ದರು. ಮನೆಯಲ್ಲಿ ತಮಿಳು ಆಡುವವರು. "ಅಯ್ಯೋ, ಎಂದ ಶಾಫ್ಟ್ ಸಾರ್?" ಎಂದರು. ಅಂದರೆ, ಗಣಿಗೆ ಇಳಿಯುವ ಯಾವ ಶಾಫ್ಟಿನಲ್ಲಿ ಎಂದು.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮೂರಿನಲ್ಲಿ ನೆಲದಾಳದ ಬಂಡೆ ಸಿಡಿದರೆ ಮೇಲಿನ ಮನೆಯ ಪಾತ್ರೆಗಳು ಗಲಗಲ ಅನ್ನುತ್ತವೆ. ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತೇವೆ. 'ಕುಸಿತ' ಎಂಬುದು ಆಕೆ ಗಣಿಯ ಸುದ್ದಿಗಳಲ್ಲೇ ಕೇಳಿದ್ದ ಪದ. ಪಕ್ಕದಲ್ಲಿದ್ದವರು, "ವಾಯು ಅಂದ್ರೆ ಏರ್" ಎಂದು ಅರ್ಥ ಬೇರೆ ಹೇಳಿಕೊಟ್ಟರು. ಅಷ್ಟೇ. ಸಭೆಯೆಲ್ಲ ಶಾಫ್ಟಿನ ಗೇಟಿನ ಕಡೆ ಓಡಿತು. ಹಿಂದೆ ನಾನು, ಕೈಯಲ್ಲಿ ರೇಡಿಯೋ.

ಗೇಟಿನಿಂದ ಆಕೆಯ ಗಂಡ ಊಟದ ಕ್ಯಾರಿಯರ್ ಹಿಡಿದು ಸಾವಕಾಶವಾಗಿ ಬಂದರು. ಆಕೆಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ವಿಷಯ ಕೇಳಿದ ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನಾನು ಕೆಳಗಿಂದಲೇ ಬರ್ತಾ ಇದ್ದೀನಿ. ಅಲ್ಲಿ ಎಲ್ಲಾ ನೆಟ್ಟಗಿದೆ. ಕುಸಿದಿದ್ರೆ ಇಲ್ಲೇ ಮೇಲೆ, ಈ ಮೇಷ್ಟ್ರ ತಲೆಯಲ್ಲಿ ಏನೋ ಕುಸಿದಿರಬೇಕು."

೨. ಉದ್ದನೆಯ ಗಂಟೆ

ಆಮೇಲೆ ಕಾಲೇಜಿನಲ್ಲಿ ತಾಲೀಮು. ಉದ್ದನೆಯ ಗಂಟೆ ಹೊಡೆದರೆ ಎಲ್ಲರೂ ಹೊರಗೆ ಬಂದು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಬೇಕು ಎಂದು ಹೇಳಿದ್ದೆ. ಆದರೆ ದಿನವೂ ಕಾಲೇಜು ಬಿಡುವುದಕ್ಕೂ ಅದೇ ಉದ್ದನೆಯ ಗಂಟೆ ಎಂಬುದು ನನಗೆ ಹೊಳೆಯಲಿಲ್ಲ.

ಮಧ್ಯಾಹ್ನವೇ ಗಂಟೆ ಹೊಡೆಯಿತು. ಎಲ್ಲರೂ ಹೊರಗೆ ಬಂದರು, ಹಾಗೇ ಗೇಟನ್ನೂ ದಾಟಿದರು. ಹಿಂದಿರುಗಿ ನೋಡಿದರೆ ಅವರ ಜೊತೆಗೆ ಇಬ್ಬರು ಅಧ್ಯಾಪಕರೂ ಹೋಗಿಬಿಟ್ಟಿದ್ದರು. ಪ್ರಿನ್ಸಿಪಾಲರು ವರಾಂಡದಲ್ಲಿ ನಿಂತು, "ನಿಜವಾದ ಚಂಡಮಾರುತ ಬಂದರೂ ಇಷ್ಟು ಚೊಕ್ಕಟವಾಗಿ ಖಾಲಿಯಾಗುತ್ತಿರಲಿಲ್ಲ" ಎಂದರು.

ಬೇವಿನ ಮರದ ಕೆಳಗೆ ಒಬ್ಬಳೇ ನಿಂತಿದ್ದಳು, ಕ್ಯಾಸಂಬಳ್ಳಿ ಕಡೆಯ ಆ ಹುಡುಗಿ. ನನಗೆ ಹೆಮ್ಮೆಯಾಯಿತು. "ಭೇಷ್! ನೀನೊಬ್ಬಳಾದರೂ ನನ್ನ ಮಾತು ಕೇಳಿದೆಯಲ್ಲ" ಎಂದೆ.

"ಅದಕ್ಕಲ್ಲ ಸಾರ್, ನಮ್ಮೂರಿನ ಬಸ್ಸು ಸಾಯಂಕಾಲಕ್ಕೇ ಇರೋದು" ಎಂದಳು.

೩. ಅತಿಥಿ

ಅವಳಪ್ಪನಿಗೆ ನೇರವಾಗಿ ಹೇಳೋಣವೆಂದು ಒಂದು ಭಾನುವಾರ ಅವರ ಹಳ್ಳಿಗೇ ಹೋದೆ. ಜಗಲಿಯಲ್ಲಿ ಅವಳ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಪುಸ್ತಕದ ಕನ್ನಡ ನನ್ನ ಬಾಯಿಗೆ ಅಂಟಿಬಿಟ್ಟಿದೆ, ಹಾಗಾಗಿ, "ಈ ತಿಂಗಳು ಚಂಡಮಾರುತ ಬರಬಹುದು ಅಜ್ಜಿ" ಎಂದೆ.

"ಬರ್ಲಿ ಬುಡಪ್ಪ. ಯಾವ ಬಸ್ಗೆ ಬತ್ತಾನೆ? ರಾತ್ರಿ ಊಟಕ್ಕಿರ್ತಾನಾ?"

ಅವಳಪ್ಪ ನಕ್ಕು, "ಅಮ್ಮೋ, ತುಫಾನು ಕಣಮ್ಮ" ಎಂದರು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಎಲ್ಲರೂ ತುಫಾನು ಅನ್ನುವುದೇ.

"ತುಫಾನು ನಂಗೊತ್ತು ಕಣ್ಲಾ, ನೀನೇನೇಳೋದು! ನಾನ್ ಕೇಳಿದ್ದು ಚಂಡಮಾರುತನ್ನ."

ನಾನು ಬೇಗ ಮುಖ್ಯ ವಿಷಯಕ್ಕೆ ಬಂದೆ. ತುಫಾನಿನಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾ ಅಲೆಯಬಾರದು. ಎಲ್ಲರೂ ಸೇರಲು ಒಂದೇ ಜಾಗ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸೇರಿದ ಮೇಲೆ ಹಾಜರಿ ಕೂಗಿ, ಯಾರೂ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೆ.ಜಿ.ಎಫ್.ನಲ್ಲಿ ಅವರಿಗೆ ನೆಂಟರಿರಲಿಲ್ಲ. ಆದ್ದರಿಂದ ಆಂಡರ್ಸನ್‌ಪೇಟೆಯ ನಮ್ಮ ಮನೆಯೇ ಆ ಜಾಗ ಎಂದು ತೀರ್ಮಾನವಾಯಿತು.

"ಎಲ್ಲಾರೂ ಅಂದ್ರೆ ಯಾರ್ಯಾರು ಸಾರ್?" ಅವಳಪ್ಪ ಕೇಳಿದರು.

"ಮನೆಗೆ ಸೇರಿದವರು ಎಲ್ಲರೂ. ಒಬ್ಬರೂ ಬಿಟ್ಟುಹೋಗಬಾರದು."

"ಆಯ್ತು. ಆದ್ರೆ ಆವತ್ತು ಇವ್ಳು ಆ ಜಾಗದಲ್ಲಿಲ್ದಿದ್ರೆ ಕಾಲೇಜು ಅಲ್ಲಿಗೆ ಮುಗೀತು."

೪. ಹಾಜರಿ

ತುಫಾನು ಬಂದೇಬಂತು. ಕೋಡಿಯ ನೀರು ರಸ್ತೆಯ ಮೇಲೆ ಹರಿದು ಸಾಯಂಕಾಲದ ಬಸ್ಸು ನಿಂತಿತು. ಹುಡುಗಿ ತೊಯ್ದು ತೊಪ್ಪೆಯಾಗಿ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಒಣಗಿದ ಸೀರೆ ಕೊಟ್ಟು ಬಿಸಿ ಸಾರು ಬಡಿಸಿದಳು.

ಬೆಳಿಗ್ಗೆ ಮಳೆ ನಿಂತಿತ್ತು. ಹುಡುಗಿ ಚೀಲ ಹೆಗಲಿಗೇರಿಸಿ, "ನಡ್ಕೊಂಡೇ ಓಯ್ತೀನಿ ಸಾರ್. ಅಪ್ಪ ಮತ್ತೆ ಬೀದೀಲಿ ಹುಡುಕ್ತಾ ಇದ್ರೆ ನನ್ನ ಬಿ.ಎ. ಓಯ್ತು" ಎಂದಳು. ನಾನು, "ಹೇಳಿದ ಜಾಗ ಬಿಡಬಾರದಮ್ಮ" ಎಂದೆ. ಧೈರ್ಯವಾಗಿ ಹೇಳಿದೆನೇ ಹೊರತು ನಾನೂ ಗಳಿಗೆಗೊಮ್ಮೆ ಬೀದಿಗೆ ಇಣುಕುತ್ತಿದ್ದೆ.

ಆಗ ಬೀದಿಯಲ್ಲಿ ಗಾಡಿಯ ಸದ್ದು. ಬಸ್ಸಿಗೆ ದಾರಿಯಿಲ್ಲದಿದ್ದರೂ ದಿಣ್ಣೆಯ ಮೇಲಿನ ಹಳೆಯ ಗಾಡಿದಾರಿ ನೀರಿಗೆ ಸಿಕ್ಕಿರಲಿಲ್ಲ. ಗಾಡಿಯಲ್ಲಿ ಅವಳಪ್ಪ, ಅವಳಮ್ಮ, ಅಜ್ಜಿ, ಬುಟ್ಟಿಯೊಳಗೆ ಕೋಳಿಗಳು. ಹಿಂದೆ ಕಟ್ಟಿದ ಎಮ್ಮೆ, ಅದರ ಹಿಂದೆ ಕರು.

"ಇದೇನು, ಎಲ್ಲರೂ?" ಎಂದೆ.

"ನೀವೇ ಏಳಿದ್ರಲ್ಲ ಸಾರ್, ಮನೆಗೆ ಸೇರಿದೋರು ಒಬ್ರೂ ಬಿಟ್ಟೋಗ್ಬಾರ್ದು ಅಂತ. ಊಂ, ಹಾಜರಿ ಕೂಗಿ!"

ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಾನು ಬೇರೆ ದಾರಿಯಿಲ್ಲದೆ ಮೆಟ್ಟಿಲ ಮೇಲೆ ನಿಂತು ಕೂಗಿದೆ. ಹುಡುಗಿ, "ಎಸ್ ಸಾರ್" ಎಂದಳು. ಅವಳಮ್ಮ ನಾಚಿಕೊಂಡು ಕೈಯೆತ್ತಿದರು. ಅಜ್ಜಿ, "ಇವ್ನಿ ಕಣಪ್ಪ, ಕಾಣ್ಸಲ್ವಾ?" ಎಂದರು.

"ಗೌರಿ" ಎಂದು ಅವಳಪ್ಪ ಹೇಳಿಕೊಟ್ಟರು. ನಾನು, "ಗೌರಿ" ಎಂದೆ.

ಎಮ್ಮೆ ಬೀದಿಯೆಲ್ಲ ನಡುಗುವಂತೆ ಕೂಗಿತು. ನನ್ನ ಅಧ್ಯಾಪಕ ವೃತ್ತಿಯಲ್ಲಿ ಪೂರ್ತಿ ಹಾಜರಿ ಸಿಕ್ಕಿದ್ದು ಅಂದೊಂದೇ ದಿನ.

ಅವಳಪ್ಪ ಮಗಳ ತಲೆ ಮುಟ್ಟಿ ನೋಡಿದರು. ಜ್ವರವಿಲ್ಲ ಎಂದು ಗೊತ್ತಾದ ಮೇಲೆ, "ಹೇಳಿದ ಜಾಗದಲ್ಲೇ ಅವ್ಳೆ. ಸಾಕು ಬುಡಿ. ಓದ್ಲಿ, ಎಷ್ಟ್ ಬೇಕೋ ಓದ್ಲಿ" ಎಂದರು. ಹುಡುಗಿ ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತಳು. ಆವತ್ತು ಬೀದಿಗೆ ಹಾಲು ಬಂದಿರಲಿಲ್ಲ. ಗೌರಿಯ ಹಾಲಿನಲ್ಲಿ ನಮ್ಮ ಇಡೀ ಸಾಲು ಕಾಫಿ ಕುಡಿಯಿತು.

ಅಜ್ಜಿ ಮಾತ್ರ ಲೋಟ ಕೆಳಗಿಟ್ಟು ನಮ್ಮ ಎರಡು ಕೋಣೆಗಳನ್ನೂ ಇಣುಕಿ ನೋಡಿ ಬಂದರು. "ಎಲ್ಲಾ ಸರಿ ಮೇಷ್ಟ್ರೇ, ಆ ಚಂಡಮಾರುತ ಎಲ್ಲಿ?"

ಇನ್ನು ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ. "ಹೊರಟುಹೋದ ಅಜ್ಜಿ" ಎಂದೆ.

ಅಜ್ಜಿ ನನ್ನನ್ನೇ ದಿಟ್ಟಿಸಿದರು.

"ಬಸ್ಸೆಲ್ಲಾ ನಿಂತೋಗವೆ. ಎಂಗೋದ?"