ಕಾಂಟಾದ ಮ್ಯಾಲೆ ಗಂಡ ಹೆಂಡತಿ

ನನ್ನ ಹೆಂಡತಿ ಕನಕಮ್ಮಗ ಒಂದು ಕೆಟ್ಟ ಚಟ ಐತ್ರಿ. ನಾ ಉಂಡ ಮ್ಯಾಲೇ ಆಕಿ ಉಣ್ಣಾಕಿ, ನಾ ಬಿಟ್ಟದ್ದನ್ನ ಆಕೀನೂ ಬಿಡಾಕಿ. ಮಂದಿ ಇದಕ್ಕ ಪತಿಭಕ್ತಿ ಅಂತಾರ. ಅನ್ನಲಿ, ಅವರಿಗೇನು ಹೋಗೋದೈತಿ!

ಯುಗಾದಿ ಮರುದಿನ ಆಕಿ ತಲಿ ಗಿರ್ರ್ ಅಂತ ತಿರುಗಿ ಒಲಿ ಮುಂದ ಕುಸದು ಕುಂತ್ಳು. ನನ್ನ ಜೀವ ಬಾಯಿಗೆ ಬಂತು. ಸಿಂಧನೂರಿನಿಂದ ಬರೋ ಮೊದಲ ಬಸ್ಸಿಗೇ ಲಿಂಗಸುಗೂರಿನ ಡಾಕ್ಟರ ಹತ್ರ ಕರಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ, ಫುಸ್ ಫುಸ್ ಗಾಳಿ ತುಂಬಿ, ಮುಖ ಸಣ್ಣ ಮಾಡಿದ್ರು.

"ಬಿ.ಪಿ. ಭಾಳ ಏರೈತಿ. ಬೊಜ್ಜು ಹೆಚ್ಚಾಗಿ ರಕ್ತನಾಳ ಬಿರುಸಾಗ್ಯಾವ. ಹಿಂಗ ಬಿಟ್ರ ಲಕ್ವಾ ಹೊಡೀಬಹುದು. ತೂಕ ಇಳಿಸ್ರಿ. ನಾಳ ಮೆತ್ತಗಾಗ್ತಾವ, ರಕ್ತ ಸರಾಗ ಹರೀತೈತಿ."

ನಾ ಕಾಲುವಿ ಆಫೀಸಿನ ಗುಮಾಸ್ತ. ಹರಿಯೋದು ಸರಾಗ ಹರೀದಿದ್ರ ಏನಾಗ್ತೈತಿ ಅಂತ ನನಗ ಬ್ಯಾರೆ ಹೇಳಬೇಕಾ? ಅಲ್ಲೇ ಅತ್ತುಬಿಟ್ಟೆ. ಕನಕಮ್ಮ ಮಾತ್ರ, "ಡಾಕ್ಟ್ರೇ, ಮೊದಲ ಇವರ ಹೊಟ್ಟಿ ನೋಡ್ರಿ. ಇವರು ಇಳದ್ರ ನಾನೂ ಇಳೀತೀನಿ," ಅಂದ್ಳು. ಡಾಕ್ಟರು ಇಬ್ಬರನ್ನೂ ಕಾಂಟಾ ಹತ್ತಿಸಿ ತೂಕ ಬರಕೊಂಡ್ರು.

ಆತಪಾ! ಪತ್ನಿಯ ಪ್ರಾಣರಕ್ಷಣಾರ್ಥ ನಾನು ಮಹಾವ್ರತ ಹಿಡಿದೆ. ಎಣ್ಣಿ, ಬೆಲ್ಲ, ತುಪ್ಪ ಮನಿಯಿಂದ ಗಡೀಪಾರು. ದಿನಾ ಮುಂಜಾನೆ ನಾ ಒಬ್ಬಾವನ ಕಾಲುವಿ ದಂಡಿಗುಂಟ ವಾಯುವಿಹಾರ (ನಡಿಯೋದಕ್ಕ ಹಂಗಂತಾರ). ವಾರಕ್ಕೊಮ್ಮೆ ಇಬ್ಬರೂ ಅಡತಿ ಅಂಗಡಿಯ ಕಾಂಟಾದ ಮ್ಯಾಲೆ. ಭತ್ತದ ಚೀಲ ತೂಗೋ ಜಿಲಾನಿಸಾಬನೇ ನಮ್ಮನ್ನೂ ತೂಗಾವ.

ಮೂರನೇ ದಿನಕ್ಕ ವ್ರತ ಕೆಟ್ಟಿತು. ಎರಡು ಮೈಲಿ ದಾಟಿದ್ರ ಆಂಧ್ರದಿಂದ ಬಂದ ರೈತರ ಒಂದು ಕ್ಯಾಂಪು, ಕ್ಯಾಂಪಿನಾಗ ಹೋಟೆಲು, ಹೋಟೆಲಿನಾಗ ಮಂಡಾಳ (ಚುರುಮುರಿ) ಒಗ್ಗರಣಿ, ಬಿಸಿ ಮಿರ್ಚಿ ಭಜಿ. ನಡದರ ಆರ್ತಾವಂತ ದಾರ್ಯಾಗ ಸಿಕ್ಕ ಬಂಡಿ ಹತ್ತಿ ಹೋಗ್ತಿದ್ದೆ. ಆದ್ರ ಏನು ಚಮತ್ಕಾರ ಅಂತೀರಿ, ಕಾಂಟಾದ ಮ್ಯಾಲೆ ನಾ ವಾರವಾರಕ್ಕ ಇಳಕೊಂತನ ಹೊಂಟೆ! ಕನಕಮ್ಮನೂ ಆಡಿದ ಮಾತಿನಂಗ ನನ್ನ ಹಿಂದ ಇಳಕೊಂತ ಬಂದ್ಳು. ಮಿರ್ಚಿಯಾಗ ಔಷಧಿ ಗುಣ ಐತಿ ಅಂತ ಪೂರಾ ನಂಬಿಬಿಟ್ಟೆ.

ಮೂರು ತಿಂಗಳಿಗೆ ಮತ್ತ ಡಾಕ್ಟರ ಹತ್ರ ಹೋದ್ವಿ. "ಎಂಟು ಕೆ.ಜಿ. ಇಳದೀನ್ರಿ!" ಅಂತ ಎದಿ ಉಬ್ಬಿಸಿ ಅವರ ಕಾಂಟಾ ಹತ್ತಿದೆ. ಮುಳ್ಳು ಮೊದಲಿನಕಿಂತ ಮೂರು ಮುಂದ ಹೋತು. ಕನಕಮ್ಮ ಹತ್ತಿದ್ಳು. ಖರೇನ ಒಂಬತ್ತು ಕಡಿಮಿ! ಡಾಕ್ಟರು ಪಟ್ಟಿ ಸುತ್ತಿ ನೋಡಿ ನಕ್ಕರು. "ಬಿ.ಪಿ. ಇಳದೈತಮ್ಮ. ನಾಳದ ಬಿಗಿ ಕಮ್ಮಿ ಆಗೈತಿ. ಇನ್ನ ಅಷ್ಟು ಅಂಜಬ್ಯಾಡ್ರಿ."

ನನ್ನ ತೂಕ ಹಾಳಾಗಿ ಹೋಗಲಿ, ಕುಣಿದಾಡೋದೊಂದ ಬಾಕಿ ಇತ್ತು. ಮೂರು ತಿಂಗಳಾದ ಮ್ಯಾಲೆ ಅವತ್ತು ನಾ ನೆಟ್ಟಗ ಉಸಿರಾಡಿದೆ.

ಊರಿಗೆ ಬಂದಾವನ ಜಿಲಾನಿಸಾಬನ್ನ ಹಿಡಕೊಂಡೆ. "ಏನಪಾ ನಿನ್ನ ಲೆಕ್ಕ?"

"ಕಾಯದೆ ಪ್ರಕಾರ ಐತ್ರಿ ಗುಮಾಸ್ತರ," ಅಂದ. "ಭತ್ತಕ್ಕ ಚೀಲದ ತೂಕ ಕಳದಂಗ, ಮೊದಲ ವಾರ ನಿಮ್ಮ ಧೋತರ, ಅಂಗಿ ಕಳದೆ. ಆಮ್ಯಾಲೆ ನೀವು ಬೆವರಿ ಬರ್ತಿದ್ರಿ, ಹಸಿ ಮಾಲು ಅಂತ ಇನ್ನಷ್ಟು ಕಳದೆ. ಬಿಸಿಲು ಏರಿದಂಗ ಹಸಿನೂ ಏರಿತು. ಅಕ್ಕಾರು ಹೆಣ್ಮಗಳು, ಅವರದ್ದು ಹೆಂಗ ಕಳೀಲಿ? ಇದ್ದಷ್ಟು ಹೇಳಿದೆ."

ಕನಕಮ್ಮ ಸೆರಗು ಬಾಯಿಗೆ ಹಿಡಿದು ನಗಾಕತ್ತಿದ್ಳು.

"ಅಲ್ಲಬೇ, ನೀ ಹೆಂಗ ಇಳದಿ?"

"ನಿಮ್ಮಿಂದ್ರೀ! ದಿನಾ ನಿಮ್ಮ ಬಂಡಿ ಹಿಂದ ನಡಕೊಂತ ಕ್ಯಾಂಪಿಗೆ ಬಂದೆ. ಜಾಲಿ ಬೇಲಿ ಸಂದ್ಯಾಗ ನಿಂತು ನೀವು ಮಿರ್ಚಿ ತಿನ್ನೋದು ನೋಡಿದೆ. ಸಿಟ್ಟಿಲೆ ಇನ್ನೂ ಜೋರು ನಡಕೊಂತ ಮನಿಗೆ ಹೋದೆ."

"ಮತ್ತ ಯಾಕ ಸುಮ್ಮನಿದ್ದಿ?"

"ಹೇಳಿದ್ರ ನೀವು ಹೋಗೋದು ಬಿಡ್ತಿದ್ರಿ. ನಾ ಯಾರ ಹಿಂದ ನಡೀಲಿ? ಆತು, ನನ್ನ ಜೀವ ಉಳೀತು. ಇನ್ನ ನಿಮ್ಮ ಪಾಳಿ. ನಾಳಿಂದ ನಾ ಬಂಡಿ ಹತ್ತಿ ಹೋಗಿ ಹೋಟೆಲಿನಾಗ ಚಾ ಕುಡ್ಕೊಂತ ಕೂಡ್ತೀನಿ. ನೀವು ಹಿಂದ ನಡಕೊಂತ ಬರ್ರಿ."

ಇವತ್ತಿಗೆ ಆರು ದಿನ ಆತ್ರಿ. ಜಾಲಿ ಮುಳ್ಳು ಭಾಳ ಚುಚ್ತಾವ.