ವಾನರರ ತಕರಾರಿಲ್ಲದ ಬಿಸ್ಕತ್ತು

ಚನ್ನಪಟ್ಟಣ ತಾಲ್ಲೂಕಿನಲ್ಲಿ ಒರಾಂಗುಟಾನ್ ಎಂಬ ಪ್ರಾಣಿ ಇಲ್ಲ ಎಂಬ ಸಂಗತಿ ಎರಡು ಸಾವಿರದ ಎಂಟನೇ ಇಸವಿಯವರೆಗೆ ಯಾವ ದಾಖಲೆಯಲ್ಲೂ ನಮೂದಾಗಿರಲಿಲ್ಲ. ಈ ಲೋಪ ಸರಿಪಡಿಸುವ ಹೊಣೆ ಗ್ರಾಮ ಲೆಕ್ಕಿಗ ಪುಟ್ಟಲಿಂಗಯ್ಯನವರ ಹೆಗಲಿಗೆ ಬಿತ್ತು.

ಹೊಂಗನೂರು ರಸ್ತೆಯ ಹೊಸ ಬಿಸ್ಕತ್ತು ಕಾರ್ಖಾನೆ ತಾಳೆ ಎಣ್ಣೆ ಬಳಸುತ್ತಿತ್ತು. ಆ ತಾಳೆ ಬೆಳೆಯಲು ಬೋರ್ನಿಯೋದಲ್ಲಿ ಕಾಡು ಕಡಿದು, ಕೆಂಗೂದಲಿನ ಆ ದೊಡ್ಡ ವಾನರಗಳನ್ನು ಓಡಿಸುತ್ತಿದ್ದಾರೆಂದು ಪರದೇಶದ ಗಿರಾಕಿಗಳು ಎಲ್ಲೋ ಓದಿದರು. ವಾನರಕ್ಕೆ ತೊಂದರೆಯಾಗಿಲ್ಲವೆಂಬ ಸರ್ಟಿಫಿಕೇಟ್ ಇಲ್ಲದೆ ಬಿಸ್ಕತ್ತು ಮುಟ್ಟುವುದಿಲ್ಲವೆಂದರು. ಎಣ್ಣೆ ಬದಲಿಸುವುದಕ್ಕಿಂತ ಸರ್ಟಿಫಿಕೇಟ್ ಅಗ್ಗವಾದ್ದರಿಂದ ಕಾರ್ಖಾನೆಯವರು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು. ಆರ್ಡರ್ ತಪ್ಪಿದರೆ ಪ್ಯಾಕಿಂಗ್ ವಿಭಾಗದ ಇನ್ನೂರು ಹೆಂಗಸರು ಮನೆ ಸೇರಬೇಕಿತ್ತು. ಪುಟ್ಟಲಿಂಗಯ್ಯನವರ ಮಗಳು ವರಲಕ್ಷ್ಮಿ ಅವರಲ್ಲೊಬ್ಬಳು.

ಪದ್ಧತಿಯಂತೆ ಪ್ರಕಟಣೆ ಹೊರಟಿತು: "ಸದರಿ ಎಣ್ಣೆಯಿಂದ ವಸತಿ ಕಳೆದುಕೊಂಡ ವಾನರರು ಯಾರಾದರೂ ಇದ್ದಲ್ಲಿ ಮೂವತ್ತು ದಿನದೊಳಗೆ ಖುದ್ದಾಗಿ ಅಥವಾ ಪ್ರತಿನಿಧಿ ಮುಖಾಂತರ ಆಕ್ಷೇಪಣೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಕರಾರಿಲ್ಲವೆಂದು ಭಾವಿಸಲಾಗುವುದು." ಕಕ್ಷಿದಾರರು ಊರಲ್ಲಿಲ್ಲದಿದ್ದರೆ ನೋಟಿಸನ್ನು ಸಮೀಪದ ಸಂಬಂಧಿಕರಿಗೆ ಜಾರಿ ಮಾಡಬೇಕು. ಪುಟ್ಟಲಿಂಗಯ್ಯನವರು ತಾಲ್ಲೂಕಿನಲ್ಲಿ ಒರಾಂಗುಟಾನ್ ಇಲ್ಲವೆಂದು ದಾಖಲಿಸಿ, ಕೋತಿಗಳು ತುಂಬಿದ ಕೆಂಗಲ್ ಹನುಮಂತನ ಗುಡಿಗೆ ಹೋಗಿ ಮರಕ್ಕೆ ಅಂಟಿಸಿ ಬಂದರು. ಕೋತಿಗಳು ಮೈದಾ ಅಂಟಿನ ರುಚಿಗೆ ಅದನ್ನು ಕಿತ್ತು ತಿಂದವು. "ನೋಟಿಸು ಸ್ವೀಕೃತವಾಗಿದೆ" ಎಂದು ಷರಾ ಬರೆದು, ಐದು ಜನ ಪಂಚರ ಸಹಿ ಹಾಕಿಸಿದರು.

ಇಪ್ಪತ್ತೊಂಬತ್ತನೇ ದಿನ, ಯಾರೂ ನಿರೀಕ್ಷಿಸದಿದ್ದ ಒಂದು ಆಕ್ಷೇಪಣೆ ಬಂತು. ವಾನರರ ಪ್ರತಿನಿಧಿಯಾಗಿ ಕೊಟ್ಟವಳು ವರಲಕ್ಷ್ಮಿ; ಅವರಿದ್ದ ಕಾಡು ಈಗ ಇಲ್ಲವೆಂದು ಬರೆದಿದ್ದಳು. ಗಿರಾಕಿಗಳು ಕಳಿಸಿದ ಕಾಗದದಲ್ಲಿ, ಸುಟ್ಟ ಮೋಟುಮರ ತಬ್ಬಿ ಕೂತ ತಾಯಿ ವಾನರದ ಫೋಟೊ ಇತ್ತು. ಅದನ್ನು ಕಂಡಂದಿನಿಂದ ಅವಳು ಬಿಸ್ಕತ್ತು ಬಾಯಿಗಿಟ್ಟಿರಲಿಲ್ಲ.

"ಕೆಲ್ಸ ಹೋಯ್ತದೆ ಕಣವ್ವ," ಎಂದರು ಪುಟ್ಟಲಿಂಗಯ್ಯ.

"ನಂಗೆ ಇನ್ನೊಂದು ಕೆಲ್ಸ ಸಿಕ್ತದೆ ಕಣಪ್ಪ. ಅದ್ಕೆ ಇನ್ನೊಂದು ಕಾಡು ಎಲ್ಲೈತೆ?"

ಅವರಿಗೆ ನಾಚಿಕೆಯಾಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ನಿಯಮ ನೆನಪಾಗಿ, ಊಟವೂ ಸೇರಿತು. ಆದೇಶ ಹೀಗಿತ್ತು: "ಆಕ್ಷೇಪಣೆದಾರ ವಾನರರು ವಾಸಸ್ಥಳ ದೃಢೀಕರಣ ಪತ್ರ ಲಗತ್ತಿಸಿರುವುದಿಲ್ಲ. ತಾವು ವಾಸವಿದ್ದ ಕಾಡು ಈಗ ಇಲ್ಲವೆಂದು ಅರ್ಜಿಯಲ್ಲಿ ತಾವೇ ಒಪ್ಪಿರುವುದರಿಂದ, ಮುಂದೆಯೂ ಲಗತ್ತಿಸಲಾರರು. ವಜಾ ಮಾಡಿದೆ."

ಪೊಟ್ಟಣದ ಮೇಲೆ ನಗುವ ವಾನರದ ಚೀಟಿ ಬಂತು. ಕೆಳಗೆ "ಯಾವ ವಾನರರ ತಕರಾರೂ ಇಲ್ಲ" ಎಂದು ಅಚ್ಚಾಗಿತ್ತು. ಗಿರಾಕಿಗಳು ಮನಸ್ಸು ಹಗುರಾಗಿ ಎರಡು ಪಟ್ಟು ಆರ್ಡರ್ ಕೊಟ್ಟರು. ಅದಕ್ಕೆ ತಕ್ಕಂತೆ ಎಣ್ಣೆಯೂ ಎರಡು ಪಟ್ಟು ಬಂತು. ವರಲಕ್ಷ್ಮಿಯ ಕೆಲಸ ಉಳಿಯಿತು. ಆ ಚೀಟಿ ಅಂಟಿಸಲು ಅವಳನ್ನೇ ಹಾಕಿದ್ದಾರೆ. ದಿನಕ್ಕೆ ನಾಲ್ಕು ಸಾವಿರ ಅಂಟಿಸುತ್ತಾಳೆ, ಒಂದೂ ಸೊಟ್ಟಗಾಗುವುದಿಲ್ಲ.